ಲೆಕ್ಕದ ಮರುಪರೀಕ್ಷೆ: ಒಂದು ಆಕ್ಷೇಪ

ಪರೀಕ್ಷೆಯಲ್ಲಿ ಒಮ್ಮೆ ಸೋತ ಹುಡುಗನಿಗೆ ಇನ್ನೊಂದು ಅವಕಾಶವನ್ನು ಕೊಡಬಾರದೆನ್ನುವವರು ನಮ್ಮಲ್ಲಿ ಯಾರೂ ಇರಲಾರರು. ದಯೆಯೂ ನ್ಯಾಯವೂ ಇಲ್ಲಿ ಒಂದೇ ಮಾತನ್ನು ಹೇಳುತ್ತವೆ. ಆದರೆ ಅವಕಾಶವೆಂಬುದು ಎಲ್ಲಿಯವರೆಗೆ ಅವಕಾಶ, ಎಲ್ಲಿಂದ ಮುಂದೆ ಬಲಾತ್ಕಾರ ಎಂಬುದನ್ನು ಕೇಳಿಕೊಳ್ಳದೆ, ಆ ಹೆಸರಿನಲ್ಲಿ ನಡೆಯುವುದೆಲ್ಲವನ್ನೂ ಪುಣ್ಯಕಾರ್ಯವೆಂದು ಎಣಿಸುವುದು ವಿಚಾರವಂತರಿಗೆ ಒಪ್ಪತಕ್ಕದ್ದಲ್ಲ. ಇಂಗ್ಲೆಂಡಿನ ಕಾಲೇಜುಗಳಲ್ಲಿ ಹತ್ತು ವರ್ಷಗಳಿಗೂ ಮೇಲ್ಪಟ್ಟು ನಡೆದುಬಂದಿರುವ ಗಣಿತದ ಮರುಪರೀಕ್ಷೆಯ ಪದ್ಧತಿಯು ಈ ಎರಡನೆಯ ಜಾತಿಗೆ ಸೇರಿದ್ದೆಂಬುದೇ ಪ್ರಕೃತ ಲೇಖನದ ವಾದ. ನಾನು ಆ ದೇಶದ ಒಂದು ಕಾಲೇಜಿನಲ್ಲಿ ಇದೇ ತರಗತಿಗೆ ಪಾಠ ಹೇಳುವವನು. ಆದುದರಿಂದ ಈ ಆಕ್ಷೇಪದ ಅರ್ಧಪಾಲು ನನ್ನ ತಲೆಯ ಮೇಲೆಯೇ ಬೀಳುತ್ತದೆ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಮಕ್ಕಳು ಇಂದು ಆ ನಾಡಿನಲ್ಲಿ ಸಂಸಾರ ಹೂಡಿದ್ದಾರೆ. ಮೊಮ್ಮಕ್ಕಳು ಅಲ್ಲಿನ ಶಾಲೆಗಳಲ್ಲಿಯೇ ಓದುತ್ತಿದ್ದಾರೆ. ಮೇಲಾಗಿ, ಲೆಕ್ಕದಲ್ಲಿ ಸೋತವನನ್ನು ಏನು ಮಾಡಬೇಕೆಂಬುದು ಯಾವ ಒಂದು ದೇಶಕ್ಕೂ ಮೀಸಲಾದ ಪ್ರಶ್ನೆಯಲ್ಲ. ಆದಕಾರಣ ವಾಚಕರು ದೂರದ ಸಂಗತಿಯೆಂದು ಇದನ್ನು ಬದಿಗೊತ್ತಲಾರರೆಂದು ನಂಬಿದ್ದೇನೆ.

ಮೊದಲು ವ್ಯವಸ್ಥೆಯ ಸ್ವರೂಪವನ್ನು ತಿಳಿಸಬೇಕು. ಇಂಗ್ಲೆಂಡಿನ ಮಕ್ಕಳು ತಮ್ಮ 16ನೆಯ ವಯಸ್ಸಿನಲ್ಲಿ ಜಿ.ಸಿ.ಎಸ್.ಇ. ಎಂಬ ಪರೀಕ್ಷೆಗೆ ಕುಳಿತುಕೊಳ್ಳುತ್ತಾರೆ, ನಮ್ಮ ಎಸ್.ಎಸ್.ಎಲ್.ಸಿ.ಗೆ ಇದು ಸಮೀಪವಾದದ್ದು. 1988ರಲ್ಲಿ ಮೊದಲ ಬಾರಿಗೆ ನಡೆದ ಈ ಪರೀಕ್ಷೆಯು, ಅದಕ್ಕೆ ಮುಂಚೆ ಓದಿನಲ್ಲಿ ಮುಂದಿದ್ದವರಿಗೊಂದು ಉಳಿದವರಿಗೊಂದು ಎಂದು ಇದ್ದ ಎರಡು ಪರೀಕ್ಷೆಗಳನ್ನು ಒಂದುಗೂಡಿಸಿತು. ಗಣಿತದಲ್ಲಿ 2017ರಿಂದ ಅಕ್ಷರಗಳ ಬದಲು 9ರಿಂದ 1ರ ವರೆಗಿನ ಅಂಕೆಗಳೇ ದರ್ಜೆಗಳಾಗಿವೆ; ಅವುಗಳಲ್ಲಿ 9 ಅತ್ಯುತ್ತಮ. 4ನೆಯ ದರ್ಜೆಯನ್ನು, ಎಂದರೆ ಹಿಂದಿನ ಸಿ ದರ್ಜೆಯನ್ನು, ಲೋಕವು ತೇರ್ಗಡೆಯೆಂದು ಗಣಿಸುತ್ತದೆ. ಸಾಮಾನ್ಯವಾಗಿ ಪ್ರಶ್ನಪತ್ರಿಕೆಗಳು ಮೂರು, ಒಂದೊಂದಕ್ಕೂ ಒಂದೂವರೆ ಗಂಟೆ, ಅವುಗಳಲ್ಲೊಂದರಲ್ಲಿ ಕ್ಯಾಲ್ಕುಲೇಟರ್ ಕೂಡದು. ಹಿಂದುಳಿದವರು ಬರೆಯುವ ಬುನಾದಿ ಮಟ್ಟದ ಪತ್ರಿಕೆಯಲ್ಲಿಯೂ ಭಿನ್ನರಾಶಿ, ಅನುಪಾತ, ಶೇಕಡಾ ಲೆಕ್ಕಗಳ ಜೊತೆಗೆ ವರ್ಗಸಮೀಕರಣ, ತ್ರಿಕೋಣಮಿತಿಗಳೂ ಇರುತ್ತವೆ.

ಹದಿನಾರು ಮುಗಿದ ಮೇಲೆಯೂ ಮಕ್ಕಳು ಶಿಕ್ಷಣದಲ್ಲೋ ತರಬೇತಿಯಲ್ಲೋ ಮುಂದುವರಿಯತಕ್ಕದ್ದೆಂಬ ನಿಯಮವು 2015ರಲ್ಲಿ 18ನೆಯ ವಯಸ್ಸಿನವರೆಗೆ ವಿಸ್ತರಿಸಿತು. ಹೀಗಾಗಿ ಓದಿನಲ್ಲಿ ಹಿಂದೆ ಬಿದ್ದವರು ಕಾಲೇಜುಗಳಿಗೆ ಬಂದು ಗಾರೆಕೆಲಸ, ಮರಗೆಲಸ, ಅಡುಗೆ, ಶಿಶುಪಾಲನೆ, ಕೇಶಾಲಂಕಾರ ಮೊದಲಾದ ಕಸಬುಗಳನ್ನು ಕಲಿಯುತ್ತಾರೆ. 2014ರಿಂದ ಈ ಕಾಲೇಜುಗಳಿಗೆ ಕೊಡುವ ಸರ್ಕಾರದ ಹಣಕ್ಕೆ ಒಂದು ಷರತ್ತು ಸೇರಿತು: ಗಣಿತದಲ್ಲಿಯೂ ಇಂಗ್ಲಿಷಿನಲ್ಲಿಯೂ ತೇರ್ಗಡೆಯಾಗದೆ ಬಂದ ವಿದ್ಯಾರ್ಥಿಯು ಆ ವಿಷಯಗಳ ಪಾಠವನ್ನು ಮುಂದುವರಿಸಿರಬೇಕು. 2015ರಲ್ಲಿ ಷರತ್ತು ಇನ್ನೂ ಬಿಗಿಯಾಯಿತು. ತೇರ್ಗಡೆಗೆ ಒಂದೇ ಮೆಟ್ಟಿಲು ಕಡಮೆಯಾದ ಡಿ ದರ್ಜೆಯವರು, ಎಂದರೆ ಇಂದಿನ 3ನೆಯ ದರ್ಜೆಯವರು, ಬೇರಾವ ಸರಳ ಪರೀಕ್ಷೆಯನ್ನೂ ಹಿಡಿಯುವಂತಿಲ್ಲ, ಅದೇ ಜಿ.ಸಿ.ಎಸ್.ಇ.ಯನ್ನೇ ಮತ್ತೆ ಓದಬೇಕು. ಪಾಠಕ್ಕೆ ಸೇರಿಸದಿದ್ದರೆ ಕಾಲೇಜಿನ ಅನುದಾನಕ್ಕೆ ಕತ್ತರಿ. ಪರೀಕ್ಷೆಯು ಬೇಸಗೆಯಲ್ಲೊಮ್ಮೆ, ನವೆಂಬರಿನಲ್ಲೊಮ್ಮೆ ನಡೆಯುತ್ತದೆ.

ಈ ನಿಯಮವನ್ನು ಮಾಡಿದವರು ಕಲ್ಲೆದೆಯವರೆಂದು ನಾನು ಹೇಳುತ್ತಿಲ್ಲ. ಅವರ ಪಕ್ಷವನ್ನು ಅವರಿಗೆ ಒಪ್ಪುವಂತೆಯೇ ಹೇಳಿ ಅನಂತರ ಉತ್ತರ ಕೊಡುವುದು ನ್ಯಾಯ. 2011ರಲ್ಲಿ ಆಲಿಸನ್ ವುಲ್ಫ್ ಎಂಬ ವಿದುಷಿಯು ಕಸಬಿನ ಶಿಕ್ಷಣವನ್ನು ಕುರಿತು ಸರ್ಕಾರಕ್ಕೆ ಒಂದು ವರದಿಯನ್ನು ಒಪ್ಪಿಸಿದರು. ಲಕ್ಷಾಂತರ ತರುಣರಿಗೆ ಮಾರುಕಟ್ಟೆಯಲ್ಲಿ ಬೆಲೆಯೇ ಇಲ್ಲದ ಪ್ರಮಾಣಪತ್ರಗಳನ್ನು ಕೊಟ್ಟು ಕಳುಹಿಸುತ್ತಿದ್ದಾರೆ. ಹದಿನಾರರಲ್ಲಿ ಗಣಿತವನ್ನೂ ಇಂಗ್ಲಿಷನ್ನೂ ದಾಟದವರಲ್ಲಿ ಬಹುಮಂದಿ ಹದಿನೆಂಟರಲ್ಲಿಯೂ ದಾಟುವುದಿಲ್ಲ. ಉದ್ಯೋಗ ಕೊಡುವವರಾದರೋ ಮೊದಲು ನೋಡುವುದು ಇವೆರಡನ್ನೇ: ಇದು ಆ ವರದಿಯ ಸಾರಾಂಶ. ಇದನ್ನು ಯಾರು ಸುಳ್ಳೆನ್ನಬಲ್ಲರು? ಬಡವರ ಮಕ್ಕಳಿಗೆ ಜೊಳ್ಳನ್ನು ಅಳೆದುಕೊಟ್ಟು ಕಾಳೆಂದು ನಂಬಿಸುವುದು ಮೋಸವೇ ಸರಿ. ರೋಗವನ್ನು ಗುರುತಿಸಿದ್ದರಲ್ಲಿ ತಪ್ಪಿಲ್ಲ. ಔಷಧದಲ್ಲಿ ತಪ್ಪಿದೆ. ಗಣಿತವನ್ನು ಕಲಿಸಬೇಕೆಂಬ ಮಾತು ಒಂದು; ಸೋಲಿಸಿದ ಪರೀಕ್ಷೆಗೇ ಮತ್ತೆ ಮತ್ತೆ ದೂಡಬೇಕೆಂಬುದು ಬೇರೆಯೇ ಮಾತು. ಈ ಎರಡನ್ನೂ ಒಂದೆಂದು ಬಗೆದದ್ದರಿಂದಲೇ ಅನರ್ಥಪರಂಪರೆಯು ಮೊದಲಾಯಿತು.

ಫಲವನ್ನು ನೋಡೋಣ. 2023, 2024, 2025, ಈ ಮೂರು ವರ್ಷಗಳ ಬೇಸಗೆಯ ಪರೀಕ್ಷೆಗಳಲ್ಲಿಯೂ 17 ವರ್ಷಕ್ಕೆ ಮೇಲ್ಪಟ್ಟು ಗಣಿತಕ್ಕೆ ಕುಳಿತವರಲ್ಲಿ 4 ಅಥವಾ ಅದಕ್ಕೆ ಮೇಲಿನ ದರ್ಜೆಯನ್ನು ಪಡೆದವರು ಐವರಲ್ಲಿ ಒಬ್ಬನಿಗಿಂತಲೂ ಕಡಮೆ. ಹೀಗೆ ವರ್ಷವರ್ಷವೂ ಐವರಲ್ಲಿ ನಾಲ್ವರು ಬರಿಗೈಯಲ್ಲಿ ಹಿಂತಿರುಗುವ ಸ್ಥಳವನ್ನು ಪಾಠಶಾಲೆಯೆಂದು ಕರೆಯುವುದು ಹೇಗೆ? ಇಷ್ಟು ಮಂದಿಯನ್ನು ಗುಣಪಡಿಸದ ವೈದ್ಯನು ರೋಗಿಯ ಹಣೆಬರಹವನ್ನು ಹಳಿದರೆ ನಾವು ಸುಮ್ಮನಿರುತ್ತೇವೆಯೇ? ಆದರೆ ಇಲ್ಲಿ ಹಳಿಸಿಕೊಳ್ಳುವವನು ಹುಡುಗನೇ. ಸೋಮಾರಿ, ಗಮನವಿಲ್ಲದವನು, ತರಗತಿಗೆ ಬಾರದವನು ಎಂಬ ಬಿರುದುಗಳು ಅವನಿಗಾಗಿ ಸಿದ್ಧವಾಗಿವೆ.

ನನ್ನ ತರಗತಿಯಲ್ಲಿ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ. ಬೇಕರಿಯ ಕೆಲಸವನ್ನು ಕಲಿಯಲು ಬಂದ ಹುಡುಗನೊಬ್ಬನಿದ್ದನು. ಶಾಲೆಯಲ್ಲಿ ಅವನಿಗೆ ಗಣಿತದಲ್ಲಿ ಬಂದದ್ದು 3. ನಿಯಮದಂತೆ ವಾರಕ್ಕೆ ಮೂರು ಗಂಟೆ ನನ್ನ ಮುಂದೆ ಕುಳಿತನು. ನಾನು ಮಾಡಿದ್ದೇನು? ಹಳೆಯ ಪ್ರಶ್ನಪತ್ರಿಕೆಗಳನ್ನು ಹಂಚಿ, ಉತ್ತರಗಳನ್ನು ಹಲಗೆಯ ಮೇಲೆ ಬರೆದು, ಇದು ಬರುತ್ತದೆ, ಇದನ್ನು ನೆನಪಿಡಿ ಎಂದೆನು. ಸೆಪ್ಟೆಂಬರಿನಲ್ಲಿ ಸೇರಿದವನು ನವೆಂಬರಿನಲ್ಲಿ ಮತ್ತೆ ಬರೆದನು; ಬೇಸಗೆಯಲ್ಲಿ ಬರೆದನು; ಮರುವರ್ಷ ನವೆಂಬರಿನಲ್ಲಿ, ಮತ್ತೆ ಬೇಸಗೆಯಲ್ಲಿ. ಶಾಲೆಯದನ್ನೂ ಸೇರಿಸಿದರೆ ಒಟ್ಟು ಐದು ಸಲ. ಮೊದಲು 3 ಇದ್ದದ್ದು ಕೊನೆಯಲ್ಲಿ 2ಕ್ಕೆ ಇಳಿಯಿತು. ಐದನೆಯ ಸಲ ನಾನು ಪರೀಕ್ಷೆಯ ಕೋಣೆಯಲ್ಲಿ ನಿಂತಿದ್ದೆನು. ಅವನು ಹೆಸರನ್ನೂ ಸಂಖ್ಯೆಯನ್ನೂ ಅಂದವಾಗಿ ಬರೆದು, ಲೇಖನಿಯನ್ನು ಕೆಳಗಿಟ್ಟು, ಉಳಿದ ಹೊತ್ತೆಲ್ಲ ಕಿಟಕಿಯ ಕಡೆಗೆ ನೋಡುತ್ತ ಕುಳಿತನು.

ಆ ಪರೀಕ್ಷೆಗೆ ಒಂದೆರಡು ವಾರಗಳ ಹಿಂದೆಯಷ್ಟೇ ಬೇರಾವುದೋ ಕೆಲಸದ ನಿಮಿತ್ತ ನಾನು ಕಾಲೇಜಿನ ಬೇಕರಿಗೆ ಹೋಗಿದ್ದೆನು. ರೊಟ್ಟಿಯ ಕಸಬಿನವರು ಹಿಟ್ಟನ್ನು ಯಾವಾಗಲೂ ನೂರೆಂದು ಹಿಡಿದು, ನೀರು, ಉಪ್ಪು, ಹುದುಗುಗಳನ್ನು ಅದರ ಶೇಕಡಾ ಲೆಕ್ಕದಲ್ಲಿ ಹೇಳುತ್ತಾರೆ. ಆ ಹುಡುಗನು 12 ಕಿಲೋ ಹಿಟ್ಟನ್ನು ತೂಗಿಟ್ಟು, ನೂರಕ್ಕೆ 65ರಂತೆ ನೀರು 7 ಕಿಲೋ 800 ಗ್ರಾಮು, ನೂರಕ್ಕೆ 2ರಂತೆ ಉಪ್ಪು 240 ಗ್ರಾಮು ಎಂದು ಕಾಗದವನ್ನೂ ಮುಟ್ಟದೆ ಜೊತೆಯವನಿಗೆ ಹೇಳುತ್ತಿದ್ದನು. ನಾನು ಎರಡು ವರ್ಷ ಕಲಿಸಲಾರದೆ ಹೋದ ಶೇಕಡಾ ಲೆಕ್ಕವದು! ಇದು ನಿನಗೆ ಬರುತ್ತದೆಯಲ್ಲ ಎಂದು ಕೇಳಿದರೆ, ಇದು ಲೆಕ್ಕವಲ್ಲ ಸರ್, ರೊಟ್ಟಿ ಎಂದನು. ಆ ಉತ್ತರವು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಲೆಕ್ಕವೆಂದರೆ ತನ್ನನ್ನು ಸೋಲಿಸತಕ್ಕ ವಸ್ತು, ತಾನು ಮಾಡಬಲ್ಲದ್ದೇನಿದ್ದರೂ ಅದು ಲೆಕ್ಕವಾಗಿರಲಾರದು ಎಂಬ ಸಿದ್ಧಾಂತವನ್ನು ಅವನ ಮನಸ್ಸಿನಲ್ಲಿ ನೆಲೆಗೊಳಿಸಿದವರು ಯಾರು? ಪರೀಕ್ಷೆಯು ಅರ್ಧ ನೆಲೆಗೊಳಿಸಿತು. ಉಳಿದರ್ಧವನ್ನು ನಾನು ನೆಲೆಗೊಳಿಸಿದೆನು.

ಇಂತಹ ಹುಡುಗರ ವಿಷಯದಲ್ಲಿ ನಮ್ಮ ಗಾದೆಯೊಂದು ತಿರುಗುಮುರುಗಾಗಿದೆ. ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುತ್ತೇವಷ್ಟೆ. ಇವರು ಲೆಕ್ಕಕ್ಕುಂಟು, ಆಟಕ್ಕಿಲ್ಲ. ಅನುದಾನದ ಪಟ್ಟಿಯಲ್ಲಿ ಇವರ ಹೆಸರು ತಪ್ಪದೆ ಇರುತ್ತದೆ. ಕಲಿಕೆಯಲ್ಲಿ ಇವರ ಪಾಲು ಎಷ್ಟೆಂದು ಕೇಳುವವರಿಲ್ಲ. ಷರತ್ತು ವಿದ್ಯಾರ್ಥಿಯನ್ನು ಪಾಠಕ್ಕೆ ಸೇರಿಸುವುದಕ್ಕೆ ಕಟ್ಟಿದ್ದೇ ಹೊರತು, ಅವನಿಗೆ ಏನು ಬಂದಿತೆಂಬುದಕ್ಕೆ ಕಟ್ಟಿದ್ದಲ್ಲ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಪರೀಕ್ಷಾಮಂಡಲಿಗಳ ಮೇಲ್ವಿಚಾರಣೆಗೆ ಆಫ್‌ಕ್ವಾಲ್ ಎಂಬ ಸಂಸ್ಥೆಯಿದೆ. ಹದಿನಾರು ವಯಸ್ಸಿನವರ ಒಂದು ವರ್ಷದ ತಂಡವು ಹಿಂದಿನ ತಂಡವನ್ನೇ ಹೋಲುತ್ತಿದ್ದರೆ ಫಲಿತಾಂಶವೂ ಹೆಚ್ಚು ಕಡಮೆ ಹಿಂದಿನಂತೆಯೇ ಇರಬೇಕೆಂಬ ತತ್ತ್ವದ ಮೇಲೆ ದರ್ಜೆಗಳ ಗಡಿಯನ್ನು ನಿಶ್ಚಯಿಸುತ್ತಾರೆ. ಒಂದು ವರ್ಷದ ಪತ್ರಿಕೆ ಕಠಿನವಾದರೂ ಮಕ್ಕಳಿಗೆ ಅನ್ಯಾಯವಾಗಕೂಡದೆಂಬುದು ಇದರ ಸದುದ್ದೇಶ. ಅದನ್ನು ನಾನು ಒಪ್ಪುತ್ತೇನೆ. ಆದರೆ ಇದರ ಪರಿಣಾಮವಾಗಿ, ಇಡೀ ದೇಶದ ಮಕ್ಕಳ ಕಲಿಕೆಯು ಹೆಚ್ಚಿತೆಂಬುದು ಬೇರೆ ರೀತಿಯಿಂದ ಸಿದ್ಧವಾಗುವವರೆಗೆ, ಪ್ರತಿವರ್ಷವೂ ನಾಲ್ವರಲ್ಲಿ ಒಬ್ಬನಿಗಿಂತ ಹೆಚ್ಚು ಮಂದಿ ಗಣಿತದ ಗೆರೆಯಿಂದ ಕೆಳಗೆ ಉಳಿಯುತ್ತಾರೆ. ಕೆಳಗುಳಿದವರನ್ನೆಲ್ಲ ಮತ್ತೆ ಅದೇ ಗೆರೆಯನ್ನು ದಾಟಿರೆಂದು ಅಟ್ಟುವುದು ಮುಂದಿನ ಕ್ರಮ. ಗೆರೆಯನ್ನು ಎಳೆದವರೇ ಇಷ್ಟು ಮಂದಿ ಹೊರಗುಳಿಯುವರೆಂದು ಬಲ್ಲರಾದಮೇಲೆ, ಹೊರಗುಳಿದವರಿಗಾಗಿ ಒಂದು ಗೌರವದ ದಾರಿಯನ್ನು ಮೊದಲೇ ಏಕೆ ಕಡಿಯಲಿಲ್ಲ?

ಇಲ್ಲಿ ನನ್ನನ್ನು ತಡೆದು, ಹಾಗಾದರೆ ಮರುಪರೀಕ್ಷೆಯೇ ಬೇಡವೆನ್ನುತ್ತೀರೋ ಎಂದು ಕೇಳಬಹುದು. ಖಂಡಿತವಾಗಿಯೂ ಇಲ್ಲ. ಸಂಜೆಯ ತರಗತಿಗೆ ಬರುವ ವಯಸ್ಕರನ್ನು ನಾನು ನೋಡಿದ್ದೇನೆ. ಇಬ್ಬರು ಮಕ್ಕಳ ತಾಯಿಯೊಬ್ಬರು, ಶಾಲೆ ಬಿಟ್ಟು ಹದಿನೈದು ವರ್ಷಗಳಾದ ಮೇಲೆ, ದಾದಿಯ ಶಿಕ್ಷಣಕ್ಕೆ ಸೇರಬೇಕೆಂಬ ಛಲದಿಂದ ಬಂದರು. ಆ ಶಿಕ್ಷಣಕ್ಕೂ ಪ್ರಾಥಮಿಕ ಶಾಲೆಯ ಉಪಾಧ್ಯಾಯವೃತ್ತಿಗೂ ಗಣಿತದ ತೇರ್ಗಡೆಯನ್ನು ಕೇಳುತ್ತಾರೆ. ಆಕೆ ಮಕ್ಕಳನ್ನು ಮಲಗಿಸಿ ರಾತ್ರಿ ಲೆಕ್ಕ ಮಾಡುತ್ತಿದ್ದರು. ತಿಳಿಯದಲ್ಲಿ ನಾಚಿಕೆಯಿಲ್ಲದೆ ಕೇಳುತ್ತಿದ್ದರು. ಒಂದೇ ಸಲಕ್ಕೆ 5ನೆಯ ದರ್ಜೆಯನ್ನು ಪಡೆದರು. ಪರೀಕ್ಷೆ ಅದೇ, ಪಠ್ಯ ಅದೇ, ಮೇಷ್ಟರೂ ಅದೇ ದಡ್ಡ ಮೇಷ್ಟರು. ಭೇದವೆಲ್ಲಿ? ಆಕೆ ತಾನಾಗಿ ಆರಿಸಿಕೊಂಡು ಬಂದರು. ಯಾವುದಕ್ಕಾಗಿ ಎಂಬುದನ್ನು ಅರಿತಿದ್ದರು. ಹಿಂದಿನ ಸೋಲು ಮಾಯುವಷ್ಟು ಕಾಲ ನಡುವೆ ಸಂದಿತ್ತು. ಮರುಪರೀಕ್ಷೆಯು ವರವಾಗುವುದು ಹೀಗೆ. ಅದೇ ವಸ್ತುವನ್ನು ಹದಿನೇಳರ ಹುಡುಗನ ಕೊರಳಿಗೆ ಕಟ್ಟಿದರೆ ಕಲ್ಲಾಗುತ್ತದೆ.

ಬಿಟ್ಟರೆ ಅವರು ಎಂದಿಗೂ ಕಲಿಯರು, ಎಳೆಯರಿಗೆ ತಮ್ಮ ಹಿತ ತಿಳಿಯದು ಎಂಬುದು ಎರಡನೆಯ ಪೂರ್ವಪಕ್ಷ. ಎಳೆಯರ ಹಿತಕ್ಕಾಗಿ ಹಿರಿಯರು ಬಲವಂತ ಮಾಡಬಾರದೆಂದು ನಾನೂ ಹೇಳುವುದಿಲ್ಲ. ಗಣಿತದ ಪಾಠವು ಕಡ್ಡಾಯವಾಗಿಯೇ ಇರಲಿ. ಆದರೆ ಯಾವ ಗಣಿತ, ಯಾವ ಪರೀಕ್ಷೆ ಎಂಬುದರಲ್ಲಿ ಬಾಗುವ ಗುಣವಿರಬೇಕು. ಈಗಿರುವ ವಿಚಿತ್ರವನ್ನು ನೋಡಿರಿ. 2 ಅಥವಾ ಅದಕ್ಕೂ ಕೆಳಗಿನ ದರ್ಜೆಯವನು ಫಂಕ್ಷನಲ್ ಸ್ಕಿಲ್ಸ್ ಎಂಬ ವ್ಯವಹಾರಗಣಿತದ ಪರೀಕ್ಷೆಯನ್ನು ಆರಿಸಿಕೊಳ್ಳಬಹುದು. ಅವನಿಗಿಂತ ಬುದ್ಧಿವಂತನೆನ್ನಿಸಿಕೊಂಡ 3ನೆಯ ದರ್ಜೆಯವನು ಆರಿಸಿಕೊಳ್ಳುವಂತಿಲ್ಲ. ಹೆಚ್ಚು ಅಂಕ ತೆಗೆದ ತಪ್ಪಿಗೆ ಹೆಚ್ಚು ಬಂಧನ! ಇನ್ನೂ ನೋಡಿರಿ. 2025ರ ಫೆಬ್ರವರಿಯಲ್ಲಿ ಸರ್ಕಾರವು 19 ವರ್ಷ ತುಂಬಿದ ಮೇಲೆ ಕಸಬಿನ ಶಿಷ್ಯವೃತ್ತಿಗೆ ಸೇರುವವರನ್ನು ಈ ಕಡ್ಡಾಯದಿಂದ ಬಿಡಿಸಿ, ಅವರಿಗೆ ಗಣಿತದ ಅರ್ಹತೆ ಬೇಕೋ ಬೇಡವೋ ಎಂಬುದನ್ನು ಕೆಲಸ ಕೊಡುವವನ ವಿವೇಚನೆಗೆ ಬಿಟ್ಟಿತು. ಹತ್ತೊಂಬತ್ತರವನಿಗೆ ಇಲ್ಲದೆ ನಡೆಯಬಹುದಾದ ಪ್ರಮಾಣಪತ್ರವು ಹದಿನೇಳರವನಿಗೆ ಪ್ರಾಣದಷ್ಟು ಅವಶ್ಯವೆಂಬುದಕ್ಕೆ ಯುಕ್ತಿಯೇನೋ ನನಗೆ ಹೊಳೆಯದು.

ಇದಕ್ಕೆ ಪರಿಹಾರವು ಹೊಸದಾಗಿ ಕಂಡುಹಿಡಿಯಬೇಕಾದದ್ದೂ ಅಲ್ಲ. 1982ರಲ್ಲಿಯೇ ಕಾಕ್‌ಕ್ರಾಫ್ಟ್ ಸಮಿತಿಯು ಗಣಿತಬೋಧನೆಯ ವಿಷಯದಲ್ಲಿ ವರದಿಯೊಪ್ಪಿಸಿ, ಪರೀಕ್ಷೆಯು ವಿದ್ಯಾರ್ಥಿಗೆ ಬಾರದ್ದನ್ನು ಬಯಲಿಗೆಳೆಯುವುದಕ್ಕಲ್ಲ, ಬರುವುದನ್ನು ತೋರಿಸುವುದಕ್ಕೆ ಅನುಕೂಲವಾಗಿರಬೇಕೆಂಬ ತತ್ತ್ವವನ್ನು ಸ್ಪಷ್ಟಪಡಿಸಿತ್ತು. ಆ ಒಂದು ತತ್ತ್ವವನ್ನು ಮನಸ್ಸಿಟ್ಟು ನಡೆಸಿದರೆ ಸಾಕು. 3ನೆಯ ದರ್ಜೆಯವನಿಗೂ ಆಯ್ಕೆಯಿರಲಿ: ಜಿ.ಸಿ.ಎಸ್.ಇ.ಯನ್ನು ಬಯಸುವವನು ಅದನ್ನೇ ಬರೆಯಲಿ. ಬಯಸದವನಿಗೆ ಕೂಲಿ, ಬಡ್ಡಿ, ಅಳತೆ, ಅನುಪಾತ, ಶೇಕಡಾ, ನಕ್ಷೆ, ಅಂಕಿಅಂಶಗಳನ್ನು ಓದಿ ಅರ್ಥಮಾಡಿಕೊಳ್ಳುವ ಶಕ್ತಿ, ಇವುಗಳನ್ನು ಬಿಗಿಯಾಗಿ ಅಳೆಯುವ ವ್ಯವಹಾರಗಣಿತದ ಪರೀಕ್ಷೆಯೊಂದಿರಲಿ. ಅದು ಜೊಳ್ಳಾಗಬಾರದು, ಅದನ್ನು ಗೆದ್ದವನನ್ನು ಉದ್ಯೋಗ ಕೊಡುವವರು ಗೌರವದಿಂದ ಕಾಣುವಂತಿರಬೇಕು. ಸೇರಿದ ಎರಡೇ ತಿಂಗಳಿಗೆ ನವೆಂಬರಿನ ಪರೀಕ್ಷೆಗೆ ಎಲ್ಲರನ್ನೂ ನುಗ್ಗಿಸುವ ಚಾಳಿಯು ನಿಲ್ಲಲಿ. ಆ ಎರಡು ತಿಂಗಳಲ್ಲಿ ಹುಡುಗನು ಎಲ್ಲಿ ಎಡವಿದನೆಂಬುದನ್ನು ಹುಡುಕೋಣ. ಬಹುಮಂದಿ ಎಡವುವುದು ವರ್ಗಸಮೀಕರಣದಲ್ಲಲ್ಲ. ಹತ್ತನೆಯ ವಯಸ್ಸಿನಲ್ಲಿ ಅರ್ಥವಾಗದೆ ಉಳಿದ ಭಿನ್ನರಾಶಿಯಲ್ಲಿ. ಅಲ್ಲಿಂದ ಮತ್ತೆ ಕಟ್ಟದೆ ಮೇಲೆ ಮಹಡಿ ಎಬ್ಬಿಸಿದರೆ ನಿಲ್ಲುವುದೆಂತು? ಕೊನೆಯದಾಗಿ, ಗಣಿತದ ಮೇಷ್ಟರು ಬೇಕರಿಗೂ ಗಾರೆಯವರ ಅಂಗಳಕ್ಕೂ ಹೋಗಿ ಅಲ್ಲಿ ನಡೆಯುವ ಲೆಕ್ಕವನ್ನು ಮೊದಲು ತಾವು ಕಲಿಯಲಿ. ನಾನು ಅದನ್ನು ಎರಡು ವರ್ಷ ತಡವಾಗಿ ಮಾಡಿದೆನು.

2025ರ ಅಕ್ಟೋಬರಿನಲ್ಲಿ ಪ್ರಕಟವಾದ ಶ್ವೇತಪತ್ರದಲ್ಲಿ, ತೀರ ಹಿಂದುಳಿದವರಿಗೆ ಮರುಪರೀಕ್ಷೆಯ ಮುಂಚೆ ಮೆಟ್ಟಿಲಿನಂತಿರುವ ಹೊಸ ಅರ್ಹತೆಯೊಂದನ್ನು ತರುವುದಾಗಿ ಅಲ್ಲಿನ ಸರ್ಕಾರವು ಹೇಳಿದೆ. ಇದು ಸ್ವಾಗತಾರ್ಹವೇ. ಆದರೆ ಮೆಟ್ಟಿಲು ಹತ್ತಿಸಿದ ಮೇಲೆ ಅದೇ ಮುಚ್ಚಿದ ಬಾಗಿಲ ಮುಂದೆ ನಿಲ್ಲಿಸುವುದಾದರೆ, ಹತ್ತಿದವನಿಗೆ ದಕ್ಕಿದ್ದು ಆಯಾಸ ಮಾತ್ರ. ಮೆಟ್ಟಿಲೂ ಬೇಕು, ಎರಡನೆಯ ಬಾಗಿಲೂ ಬೇಕು.

ಇನ್ನು ನಮ್ಮ ಮನೆಯ ಮಾತನ್ನು ಒಂದಿಷ್ಟು ಆಡದೆ ಮುಗಿಸುವುದು ಸರಿಯಲ್ಲ. ಅಲ್ಲಿ ಗಣಿತದಲ್ಲಿ ಸೋತವನು ಕಾಲೇಜಿನ ಬಾಗಿಲನ್ನು ದಾಟುತ್ತಾನೆ, ತಲೆಯ ಮೇಲೊಂದು ಕಲ್ಲನ್ನು ಹೊತ್ತುಕೊಂಡು. ನಮ್ಮಲ್ಲಿ ಎಸ್.ಎಸ್.ಎಲ್.ಸಿ.ಯ ಗಣಿತದಲ್ಲಿ ಸೋತವನಿಗೆ ಪಿ.ಯು. ಕಾಲೇಜಿನ ಬಾಗಿಲೇ ತೆರೆಯದು. 2024ರಲ್ಲಿ ಕರ್ನಾಟಕದಲ್ಲಿ ಒಂದೇ ವರ್ಷದೊಳಗೆ ಮೂರು ಪರೀಕ್ಷೆಗಳನ್ನು ನಡೆಸಿ, ವಿದ್ಯಾರ್ಥಿಯು ಅವುಗಳಲ್ಲಿ ಉತ್ತಮವಾದ ಅಂಕವನ್ನು ಉಳಿಸಿಕೊಳ್ಳಬಹುದೆಂದರು. ವರ್ಷವೊಂದು ವ್ಯರ್ಥವಾಗದಂತೆ ಮಾಡಿದ ಈ ಉಪಾಯದ ಹಿಂದಿನ ಮನಸ್ಸು ಒಳ್ಳೆಯದೇ. ಆದರೂ ಪರೀಕ್ಷೆಯನ್ನು ಮೂರು ಮಾಡಿದ ಮಾತ್ರಕ್ಕೆ ಪಾಠವು ಮೂರರಷ್ಟಾಗುವುದಿಲ್ಲ. ಒಂದು ಪರೀಕ್ಷೆಗೂ ಇನ್ನೊಂದಕ್ಕೂ ನಡುವೆ ಹುಡುಗನಿಗೆ ಯಾರು ಏನನ್ನು ಹೊಸದಾಗಿ ಕಲಿಸಿದರು? ಇಂಗ್ಲೆಂಡಿನವರನ್ನು ಕೇಳಬೇಕಾದ ಪ್ರಶ್ನೆಯೂ ಇದೇ, ನಮ್ಮನ್ನು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ. ವಿದ್ಯಾವಂತರ ಮನೆಗಳಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವೂ ಉಂಟು. ನಪಾಸಾದ ಮಗನನ್ನು ನೆಂಟರ ಮುಂದೆ ತಲೆ ಬಗ್ಗಿಸಿ ನಿಲ್ಲಿಸುವ ಮೊದಲು, ಮಗು, ನಿನಗೆ ಎಲ್ಲಿಯವರೆಗೆ ತಿಳಿಯಿತು ಎಂದು ಒಂದು ಸಲ ಕೇಳಿದ ತಂದೆತಾಯಿಗಳೆಷ್ಟು ಮಂದಿ?

ಆ ಬೇಕರಿಯ ಹುಡುಗನು ಹದಿನೆಂಟು ತುಂಬಿ ಕಾಲೇಜನ್ನು ಬಿಟ್ಟುಹೋದನು. ರೊಟ್ಟಿಯ ಕೈ ಚೆನ್ನಾಗಿದ್ದುದರಿಂದ ಎಲ್ಲಿಯೋ ಕೆಲಸ ಸಿಕ್ಕಿರಬೇಕು. ಅಷ್ಟರಿಂದ ನನ್ನ ತಪ್ಪು ತೊಳೆದುಹೋಗುವುದಿಲ್ಲ. ಹನ್ನೊಂದು ವರ್ಷ ಶಾಲೆಯಲ್ಲಿ, ಎರಡು ವರ್ಷ ಕಾಲೇಜಿನಲ್ಲಿ ಕಲಿಸಿದ್ದೆವಲ್ಲ, ಅವನಿಗೆ ಗಣಿತದ ಹೆಸರೆತ್ತಿದರೆ ಉಸಿರು ಕಟ್ಟುವಂತೆ ಮಾಡಿ ಕಳುಹಿಸಿದೆವು. ಅವನಿಗೆ ನಾವು ಐದು ಸಲ ಪರೀಕ್ಷೆಯನ್ನು ಕೊಟ್ಟೆವು. ಒಂದು ಸಲವಾದರೂ ಅವನ ಹಿಟ್ಟಿನ ತಕ್ಕಡಿಯ ಪಕ್ಕದಲ್ಲಿ ಕುಳಿತು ಪಾಠ ಹೇಳಿದ್ದರೆ, ಉಳಿದ ನಾಲ್ಕು ಬೇಕಾಗುತ್ತಿರಲಿಲ್ಲವೋ ಏನೋ. ಮರುಪರೀಕ್ಷೆಯ ನಿಯಮವನ್ನು ಕಾಪಾಡಬೇಕೆನ್ನುವವರು ಮೊದಲು ಮರುಪಾಠದ ನಿಯಮವೊಂದನ್ನು ಮಾಡಲಿ.